ಇಳಿಜಾರು

ನಮ್ಮೂರು ರೊಟ್ಟಿ ಹೆಂಚಿನ ಹಾಗೆ ಚಪ್ಪಟೆ.
ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿರುತ್ತದೆ.
ಎತ್ತರ ಅಂತ ಇರುವುದು ಟಿಸಾ ಹೊಳೆಯ ಏರಿ ಒಂದೇ,
ಏರಿ ಹತ್ತುವ ಮಣ್ಣಿನ ದಾರಿ ಒಂದೇ,
ದಾರಿಯ ಬುಡಕ್ಕೆ ಮನೆಯೂ ಒಂದೇ:
ಅಕ್ಕ ಆಗೋತಳದು.
ಅವಳಿಗೂ ನನಗೂ ಮಾತು ನಿಂತು ಆರು ವರ್ಷ.
ಕಾರಣ ಒಂದು ಆಕ್ರೋಟದ ಮರ. ಕಡಿದವನು ನಾನು.

ಕಾರಿಗೆ ಇಪ್ಪತ್ತೆರಡು.
ನಾಲ್ಕು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರು,
ಸೀಟಿನ ಸಂದಿಯಲ್ಲಿ ಮೂರು ಮಕ್ಕಳ ಬಿಸ್ಕತ್ತಿನ ಪುಡಿ,
ಡಿಕ್ಕಿಯಲ್ಲಿ ಒಣಮೆಣಸಿನ ಘಾಟು, ತೊಳೆದರೂ ಹೋಗದ್ದು.
ಆ ಚಳಿಗಾಲ, ಬೆಳಿಗ್ಗೆ ಆದರೆ ಏಳಲೊಲ್ಲದು.
ಕೀಲಿ ತಿರುಗಿಸಿದರೆ ಕೆಮ್ಮು, ಮತ್ತೆ ಕೆಮ್ಮು,
ಕೊನೆಗೆ ಬಿಳಿ ಹೊಗೆಯ ಒಂದು ಆಕಳಿಕೆ.

ಗ್ಲೋ ಪ್ಲಗ್ಗು ನಾಲ್ಕನ್ನೂ ಬದಲಿಸಿದೆ. ಬ್ಯಾಟರಿ ಬದಲಿಸಿದೆ.
ಫಿಲ್ಟರು ಬದಲಿಸಿದೆ. ಕೆಮ್ಮು ಬದಲಾಗಲಿಲ್ಲ.
ಮೆಕ್ಯಾನಿಕ್ ವೆಂಡೆಲ್ ತಲೆ ಓರೆ ಮಾಡಿ ಕೇಳಿ
ಪಂಪು ಹೋಗಿದೆ ಅಂದ. ಅವನು ಹೇಳಿದ ದುಡ್ಡಿಗೆ
ಇನ್ನೊಂದು ಕಾರೇ ಬರುತ್ತಿತ್ತು.

ಒಂದು ರಾತ್ರಿ ಮೀನಿಗೆಂದು ಹೋದವನು
ಮಂಜು ಮುಸುಕಿ ಕಾರನ್ನು ಏರಿಯ ಮೇಲೇ ಬಿಟ್ಟು ನಡೆದು ಬಂದೆ,
ಮೂಗು ಕೆಳಗೆ, ಬೆನ್ನು ಮೇಲೆ.
ಬೆಳಿಗ್ಗೆ ಕೀಲಿ ಮುಟ್ಟಿದ್ದಷ್ಟೇ, ಗುರ್ರ್ ಅಂತ ಎದ್ದಿತು.
ಆಮೇಲೆ ತಿಳಿಯಿತು:
ರಾತ್ರಿಯಿಡೀ ಡೀಸೆಲ್ಲು ಹಿಂದಕ್ಕೆ, ಟ್ಯಾಂಕಿಗೆ, ಜಾರುತ್ತಿತ್ತು.
ಎಲ್ಲಿಂದಲೋ ಗಾಳಿ ಒಳಗೆ ಬರುತ್ತಿತ್ತು.
ಎಲ್ಲಿಂದ ಅಂತ ಹುಡುಕುವ ಬದಲು
ದಿನಾ ಸಂಜೆ ಇಳಿಜಾರಿಗೆ ಹೋಗತೊಡಗಿದೆ.

ಮೊದಲ ಸಂಜೆ ಆಗೋತ ಪರದೆ ಎಳೆದಳು.
ಮೂರನೆಯ ವಾರ ಮುಂದಿನ ಗಾಲಿಗೆ
ಯಾರೋ ಇಟ್ಟಿಗೆ ಕೊಟ್ಟಿದ್ದರು.
ನನ್ನ ಹ್ಯಾಂಡ್‌ಬ್ರೇಕನ್ನು ನಂಬದವಳು ಈ ಲೋಕದಲ್ಲಿ ಒಬ್ಬಳೇ.
ಜನವರಿಯ ಹಿಮಕ್ಕೆ ಬಾನೆಟ್ಟಿನ ಮೇಲೆ ಒಂದು ಕಂಬಳಿ ಬಂತು,
ಕೆಂಪು ಪಟ್ಟೆಯದು. ಅಮ್ಮನದು.
ಮಡಚಿ ಬೇಲಿಯ ಮೇಲೆ ಇಟ್ಟು ಹೋದೆ.
ಸಂಜೆ ಮತ್ತೆ ಅಲ್ಲೇ ಇತ್ತು, ಬಾನೆಟ್ಟಿಗೆ ಕಾಯುತ್ತ.

ಮಾರ್ಚಿನಲ್ಲಿ ಮಾತು ಬಂತು, ಆರು ವರ್ಷದ ಮೊದಲ ಮಾತು:
"ನಿನ್ನ ಹೊಗೆಯೆಲ್ಲಾ ನನ್ನ ಒಣಗುವ ಬಟ್ಟೆಗೆ."
ನಾನು ಅಂದೆ: "ಹಗ್ಗ ಆ ಕಡೆ ಕಟ್ಟು."
"ಆ ಕಡೆ ಕಟ್ಟಲು ಮರ ಇತ್ತು," ಅಂದಳು.
ನಾನು ಇಟ್ಟಿಗೆ ಎತ್ತಿ ಬದಿಗಿಟ್ಟೆ.
ಮಾರನೆಯ ದಿನ ಒಂದು ಕಬ್ಬಿಣದ ಕಂಬ ತಂದು ನೆಟ್ಟೆ,
ನೆಟ್ಟಗೆ ನಿಲ್ಲಲಿಲ್ಲ. ಸಾಕು, ಅಂದಳು, ಬಟ್ಟೆಗೆ ಗೊತ್ತಾಗುವುದಿಲ್ಲ.

ಈಸ್ಟರಿಗೆ ಮಗಳು ಬೊಗ್ಲಾರ್ಕ ಬಂದಳು.
ಪಂಪಿಗೆ ಮುಂಚೆ ಒಂದು ಗೇಣು ಪಾರದರ್ಶಕ ಕೊಳವೆ ಸೇರಿಸಿ
ಮೊಬೈಲಿನ ಬೆಳಕು ಹಿಡಿದು ಕೂಗಿದಳು, "ಅಪ್ಪಾ, ಗುಳ್ಳೆ!"
ಸಾಲು ಸಾಲು, ಸಾಸಿವೆಯಷ್ಟು, ಯಾವ ಅವಸರವೂ ಇಲ್ಲದೆ.
ಫಿಲ್ಟರಿನ ತಲೆಯ ಮೇಲಿನ ಎರಡು ರಬ್ಬರು ಉಂಗುರ,
ಗೊಂಬೆಯ ಬೆರಳಿಗೂ ಬಿಗಿಯಾಗುವಂಥವು, ಸೀಳಿದ್ದವು.
ಫಿಲ್ಟರು ಹೊಸದು ಹಾಕುವಾಗ
ಹಳೆಯವನ್ನೇ ಒರೆಸಿ ಕೂರಿಸಿದವನೂ ನಾನೇ.
ಹೊಸವಕ್ಕೆ ಒಂದು ಬನ್ನಿನ ಬೆಲೆ. ಕೆಲಸ ಹತ್ತು ನಿಮಿಷ.

ಈಗ ಕಾರು ನನ್ನ ಅಂಗಳದಲ್ಲೇ, ಸಪಾಟು ನೆಲದಲ್ಲೇ,
ಒಂದೇ ಕೀಲಿಗೆ ಏಳುತ್ತದೆ.
ಎರಡು ಬೆಳಿಗ್ಗೆ ಎದ್ದಿತು. ಮೂರನೆಯ ಸಂಜೆ
ಹೆಂಡತಿ ಏನೂ ಕೇಳದೆ ಗೇಟು ತೆಗೆದಳು.

ಆಗೋತ ಬೇಲಿಯ ಬಳಿ ನಿಂತಿದ್ದಳು.
"ರಿಪೇರಿ ಆಗಲಿಲ್ಲವಾ ಇನ್ನೂ?"
"ಎಲ್ಲಿ ಆಗುತ್ತೆ," ಅಂದೆ, "ಹಳೇ ಡೀಸೆಲ್ ಗಾಡಿ,
ಇಂಥಲ್ಲೇ ಕೆಟ್ಟಿದೆ ಅಂತ ಹೇಳಕ್ಕಾಗಲ್ಲ."
"ಎರಡು ದಿನ ಎಲ್ಲಿತ್ತು ಮತ್ತೆ?"
ನಾನು ಗಾಜು ಒರೆಸುತ್ತಿದ್ದೆ.
ಅವಳು ಇಟ್ಟಿಗೆಯನ್ನು ಕಾಲಿಂದ ಗಾಲಿಯ ಕಡೆ ನೂಕಿದಳು.

ಹಿಂದಿನ ಎಡಗಾಲಿ ಈಚೆಗೆ ಗುಂಯ್ ಅನ್ನುತ್ತಿದೆ.
ಬೇರಿಂಗಿರಬೇಕು. ಅದನ್ನು ಮಾತ್ರ ಈ ವಾರವೇ ನೋಡಬೇಕು.